ಪಪ್ಪಾಯಿ ದಂಟಿನ ಪಾಠ

ಕುಂದಾಪುರದ ಕಡೆಯ ವಂಡ್ಸೆಯಂಥ ಊರಿನ ಏಳನೇ ತರಗತಿಗೆ ಪಪ್ಪಾಯಿ ದಂಟಿಗಿಂತ ಅಗ್ಗದ ವಿಜ್ಞಾನ ಉಪಕರಣ ಸಿಗಲಿಕ್ಕಿಲ್ಲ. ಸಪೂರದ ದಂಟು ಕೊಯ್ದು, ಎರಡೂ ತುದಿ ಕತ್ತರಿಸಿ, ಸೋರುವ ಹಾಲನ್ನು ತೊಳೆದರೆ ಟೊಳ್ಳು ಕೊಳವೆ ಸಿದ್ಧ. ಅದನ್ನು ಕೊಡಪಾನದ ನೀರಿಗೆ ಅದ್ದಿ, ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿದರೆ ನೀರು ಬೀಳುವುದಿಲ್ಲ. ಹೊರಗಿನ ಗಾಳಿ ಕೆಳಗಿನಿಂದ ಒತ್ತಿ ಹಿಡಿದಿರುತ್ತದೆ. ಬೆರಳು ತೆಗೆದರೆ ಸುರ್ರೆಂದು ಸುರಿಯುತ್ತದೆ.

ಕುಂದಾಪುರದಾಚೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಎಂಬ ವಿಶ್ವಕೋಶದ ಮೂರು ಸಂಪುಟ ತಂದವರು. ಅಂಥ ಪುಸ್ತಕಗಳಲ್ಲಿ ಓದಿದ್ದನ್ನು ಕೈಯಲ್ಲಿ ಮಾಡಿ ನೋಡಲು ಹಿತ್ತಲೇ ಸಾಕು. ಅದೇ ದಂಟನ್ನು ಗಿಡ್ಡ-ಉದ್ದ ತುಂಡು ಮಾಡಿ, ತುಂಡುಗಳ ಒಂದು ತುದಿ ಮುಚ್ಚಿ ಊದಿದರೆ, ಗಿಡ್ಡದ್ದು ಕೀಚಲಾಗಿಯೂ ಉದ್ದದ್ದು ದಪ್ಪ ದನಿಯಲ್ಲೂ ಉಲಿಯುತ್ತದೆ. ತೀರಾ ಅಗಲದ ದಂಟಿನಲ್ಲಿ ನೀರೇಕೆ ನಿಲ್ಲದು ಎಂದು ಯಾರಾದರೂ ಕೇಳಿದರೆ ಮರುದಿನದ ಪಾಠವೂ ಸಿಕ್ಕಂತೆ.