ಕೊಂದವನ ಕೊರಳು, ಕಂಡವರ ಮಾತು

1

ದಲಿತರ ಹತ್ಯಾಕಾಂಡ ನಡೆದಾಗಲೆಲ್ಲ ನಮ್ಮ ಮೆರವಣಿಗೆಗಳಲ್ಲಿ ಏಳುವ ಘೋಷಣೆ ಒಂದಿದೆ: ಕೊಂದವರನ್ನು ಗಲ್ಲಿಗೇರಿಸಿ. ಇದರ ಹಿಂದಿರುವ ಸಂಕಟವನ್ನು ಬರೀ ಸೇಡು ಅಂತ ಕರೆದು ಪಕ್ಕಕ್ಕಿಡುವುದು ಸುಲಭ. ಊರಿನ ಜೀವಕ್ಕಿರುವಷ್ಟೇ ಬೆಲೆ ಕೇರಿಯ ಜೀವಕ್ಕೂ ಇದೆ ಎಂದು ಪ್ರಭುತ್ವದ ಬಾಯಿಂದಲೇ ಹೇಳಿಸಬೇಕೆಂಬ ಹಟ ಅದರಲ್ಲಿದೆ. ಆ ಹಟ ನ್ಯಾಯವಾದದ್ದು. ಆದರೆ ಆ ಬೆಲೆಯನ್ನು ಅಳೆಯಲು ನಾವು ಕೈಗೆತ್ತಿಕೊಂಡಿರುವ ಹಗ್ಗ ನಮ್ಮ ಅಳತೆಗೋಲಲ್ಲ ಎಂಬುದು ಈ ಲೇಖನದ ವಾದ.

ಕೊಲೆ ಮಾಡಿದವನಿಗೆ ಮರಣದಂಡನೆ ಬೇಕೇ ಬೇಡವೇ ಎಂಬುದು ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆಯ ಹಳೇ ವಿಷಯ. ಪರ ಮೂರು ನಿಮಿಷ, ವಿರೋಧ ಮೂರು ನಿಮಿಷ. ಅಲ್ಲಿ ಬರುವ ಕೊಲೆಗಾರನಿಗೆ ಜಾತಿಯಿಲ್ಲ, ಕೇರಿಯಿಲ್ಲ, ವಕೀಲನನ್ನು ಹಿಡಿಯುವ ದುಡ್ಡಿನ ಚಿಂತೆಯಿಲ್ಲ. ಅವನು ಕೊಂದಿದ್ದಾನೆ ಅನ್ನೋದು ಚರ್ಚೆ ಶುರುವಾಗುವ ಮೊದಲೇ ತೀರ್ಮಾನವಾಗಿರುತ್ತದೆ. ದಲಿತ ವಿಮರ್ಶೆ ಅದಕ್ಕಿಂತ ಒಂದು ಹೆಜ್ಜೆ ಹಿಂದಿನಿಂದ ಹೊರಡಬೇಕು. ಕೊಂದವನು ಇವನೇ ಅಂತ ಹೇಳಿದವರು ಯಾರು? ಯಾರು ಹೇಳಿದ್ದನ್ನು ನಂಬಲಾಯಿತು? ಪುರಾಣವನ್ನು ಓದುವಾಗ ನಾವು ಕೇಳುವ ಈ ಪ್ರಶ್ನೆಗಳನ್ನು ನ್ಯಾಯಾಲಯದ ತೀರ್ಪಿಗೂ ಕೇಳಬೇಕು. ತೀರ್ಪೂ ಒಂದು ಪಠ್ಯವೇ.

2

ಶಂಬೂಕನ ಕತೆಯನ್ನೇ ತೆಗೆದುಕೊಳ್ಳೋಣ. ಶೂದ್ರನೊಬ್ಬ ತಪಸ್ಸು ಮಾಡಿದ, ಅದಕ್ಕೆ ರಾಮ ಅವನ ತಲೆ ಕಡಿದ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಉತ್ತರಕಾಂಡದಲ್ಲಿ ಇದರ ಜೊತೆಗೆ ಒಂದು ಸಾವಿದೆ. ಬ್ರಾಹ್ಮಣನ ಮಗ ಅಕಾಲದಲ್ಲಿ ಸತ್ತಿದ್ದಾನೆ. ಹೆಣ ಅರಮನೆಯ ಬಾಗಿಲಲ್ಲಿದೆ. ಆ ಸಾವಿಗೆ ಕಾರಣ ಎಲ್ಲೋ ನಡೆಯುತ್ತಿರುವ ಶೂದ್ರನ ತಪಸ್ಸು ಎಂದು ನಾರದ ಹೇಳುತ್ತಾನೆ. ಅಂದರೆ ಶಂಬೂಕ ಬರೀ ನಿಯಮ ಮೀರಿದವನಲ್ಲ, ಕೊಲೆಯ ಆರೋಪಿ. ಇನ್ನು ವಿಚಾರಣೆ? ರಾಮ ಅವನ ವರ್ಣ ಯಾವುದೆಂದು ಕೇಳುತ್ತಾನೆ. ಶಂಬೂಕ ಸುಳ್ಳು ಹೇಳುವುದಿಲ್ಲ. ಆ ಉತ್ತರವೇ ತಪ್ಪೊಪ್ಪಿಗೆಯಾಗುತ್ತದೆ. ತಲೆ ಉರುಳುತ್ತದೆ, ಹುಡುಗ ಎದ್ದು ಕೂರುತ್ತಾನೆ. ಶಿಕ್ಷೆ ಸರಿಯಾಗಿಯೇ ಇತ್ತು ಎಂದು ಕತೆ ತಾನೇ ರುಜುವಾತು ಕೊಟ್ಟುಬಿಡುತ್ತದೆ.

ಕುವೆಂಪು 1944ರ ‘ಶೂದ್ರ ತಪಸ್ವಿ’ಯಲ್ಲಿ ಕೈ ಹಾಕಿದ್ದು ಈ ರುಜುವಾತಿಗೆ. ಪುರಾಣವನ್ನು ಹೀಗೆ ತಿರುಚಬಹುದೇ ಎಂದು ಮಾಸ್ತಿ ಎತ್ತಿದ ಆಕ್ಷೇಪ, ಕುವೆಂಪು ಕೊಟ್ಟ ಉತ್ತರ ಎಲ್ಲ ನಮಗೆ ಗೊತ್ತಿರುವಂಥದ್ದೇ. ಆ ವಾಗ್ವಾದದಲ್ಲಿ ರಾಮನ ಪಾತ್ರ ಕೆಟ್ಟಿತೇ ಉಳಿಯಿತೇ ಎಂಬುದು ಮುಖ್ಯವಾಯಿತು. ಪದವಿ ತರಗತಿಯಲ್ಲಿ ಈ ನಾಟಕ ಪಾಠ ಮಾಡುವಾಗ ನನಗೆ ಮುಖ್ಯವಾಗಿ ಕಾಣುವುದು ಬಾಣ. ತಪ್ಪಿತಸ್ಥನನ್ನು ಹುಡುಕಿಕೊಂಡು ಹೊರಟ ಬಾಣ ಶಂಬೂಕನನ್ನು ಬಿಟ್ಟು ಆಪಾದನೆ ಮಾಡಿದ ಬ್ರಾಹ್ಮಣನ ಕಡೆಗೇ ತಿರುಗುತ್ತದೆ. ಹಾಗಂತ ಅವನನ್ನೂ ಕೊಲ್ಲುವುದಿಲ್ಲ. ಅವನ ಕಣ್ಣು ತೆರೆಯುವವರೆಗೆ ಬೆನ್ನು ಹತ್ತುತ್ತದೆ. ಶಿಕ್ಷೆಯ ದಿಕ್ಕು ಬದಲಾದರೆ ಸಾಲದು, ಶಿಕ್ಷೆಯ ಸ್ವರೂಪವೂ ಬದಲಾಗಬೇಕು ಎಂಬ ವಿವೇಕ ಇಲ್ಲಿದೆ. ಬಾಣ ಬ್ರಾಹ್ಮಣನನ್ನು ಕೊಂದಿದ್ದರೆ ಚಪ್ಪಾಳೆ ಬೀಳುತ್ತಿತ್ತೇನೋ. ಆದರೆ ಕೊಲ್ಲುವ ಬಾಣ ರಾಜನ ಬತ್ತಳಿಕೆಯಲ್ಲೇ ಉಳಿದು, ನಾಳೆ ಮತ್ತೊಬ್ಬ ಶಂಬೂಕನನ್ನು ಹುಡುಕುತ್ತಿತ್ತು.

3

ದಂಡನೆಗೆ ನಮ್ಮಲ್ಲಿ ಮೊದಲಿನಿಂದಲೂ ಎರಡು ಅಳತೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬೇರೆಯವರಿಗೆ ಪ್ರಾಣದಂಡ ಇರುವ ಕಡೆ ಬ್ರಾಹ್ಮಣನಿಗೆ ತಲೆ ಬೋಳಿಸುವುದೇ ದಂಡ. ಹನ್ನೊಂದನೆಯ ಅಧ್ಯಾಯದಲ್ಲಿ ಬೆಕ್ಕು, ಕಪ್ಪೆ, ನಾಯಿ, ಕಾಗೆಗಳನ್ನು ಕೊಂದರೆ ಶೂದ್ರನನ್ನು ಕೊಂದದ್ದಕ್ಕೆ ಹೇಳಿದ ಪ್ರಾಯಶ್ಚಿತ್ತವನ್ನೇ ಮಾಡಬೇಕೆಂದಿದೆ. ಮಹಾಡಿನಲ್ಲಿ 1927ರ ಡಿಸೆಂಬರ್ 25ರಂದು ಸುಟ್ಟದ್ದು ಈ ಅಳತೆಗೋಲನ್ನು.

ಕಲ್ಯಾಣಕ್ಕೆ ಬರೋಣ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಬಿಜ್ಜಳ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟ ಎಂದು ಶರಣರ ಪರಂಪರೆ ಹೇಳುತ್ತದೆ. ಆಮೇಲೆ ಬಿಜ್ಜಳ ಸತ್ತ. ನಾವು ಇದನ್ನು ಹೇಳುವ ಭಾಷೆಯನ್ನು ಗಮನಿಸಿ. ಒಂದು ‘ಬಿಜ್ಜಳನ ಕೊಲೆ’, ಇನ್ನೊಂದು ‘ಹರಳಯ್ಯನಿಗಾದ ಶಿಕ್ಷೆ’. ಎರಡೂ ಕಡೆ ಜೀವವೇ ಹೋಗಿದೆ. ಹರಳಯ್ಯನ ಪರವಾಗಿ ಕಣ್ಣೀರು ಹಾಕುವ ನಾವೂ ಅದನ್ನು ಶಿಕ್ಷೆ ಅಂತಲೇ ಅನ್ನುತ್ತೇವೆ. ಪ್ರಭುತ್ವದ ವ್ಯಾಕರಣ ನಮ್ಮ ನಾಲಿಗೆಯ ಮೇಲೆ ಅಷ್ಟು ಆಳವಾಗಿ ಕೂತಿದೆ.

4

ಇದೆಲ್ಲ ಹಳೇ ಕಾಲದ್ದು, ಈಗ ಸಂವಿಧಾನ ಇದೆ ಎನ್ನುವವರು ಬಿಹಾರದ ಮೂರು ಊರುಗಳ ತೀರ್ಪುಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಗಯಾ ಜಿಲ್ಲೆಯ ಬಾರಾ ಊರಲ್ಲಿ 1992ರ ಫೆಬ್ರವರಿಯಲ್ಲಿ ಮೂವತ್ತಕ್ಕೂ ಹೆಚ್ಚು ಭೂಮಿಹಾರರನ್ನು ನಕ್ಸಲೀಯ ಗುಂಪೊಂದು ಕೊಂದಿತು. 2001ರಲ್ಲಿ ಟಾಡಾ ನ್ಯಾಯಾಲಯ ನಾಲ್ವರಿಗೆ ಗಲ್ಲು ವಿಧಿಸಿತು. ಅವರಲ್ಲಿ ಹೆಚ್ಚಿನವರು ದಲಿತರು. 2002ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಹುಮತದಿಂದ ಎತ್ತಿಹಿಡಿಯಿತು, ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಒಪ್ಪಲಿಲ್ಲ. ಕಾನೂನಿನ ಪುಸ್ತಕಗಳಲ್ಲಿ ಈ ತೀರ್ಪಿಗೆ ‘ಕೃಷ್ಣ ಮೋಚಿ ಪ್ರಕರಣ’ ಅಂತ ಹೆಸರು. ಮೋಚಿ ಎಂದರೆ ಹರಳಯ್ಯನ ಕಸುಬಿನವನು. ಹದಿನೈದು ವರ್ಷ ಗಲ್ಲಿನ ನೆರಳಲ್ಲಿ ಕೂತ ಮೇಲೆ, 2017ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ನಾಲ್ವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು.

ಇತ್ತ ಬಥಾನಿ ಟೋಲಾ. 1996ರ ಜುಲೈಯಲ್ಲಿ ರಣವೀರ ಸೇನೆ ಅಲ್ಲಿ ಕೊಂದದ್ದು 21 ಮಂದಿ ದಲಿತರು ಮತ್ತು ಮುಸ್ಲಿಮರನ್ನು. ಸತ್ತವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. 2010ರಲ್ಲಿ ಕೆಳ ನ್ಯಾಯಾಲಯ ಮೂವರಿಗೆ ಗಲ್ಲು, ಇಪ್ಪತ್ತು ಮಂದಿಗೆ ಜೀವಾವಧಿ ಕೊಟ್ಟಿತು. 2012ರಲ್ಲಿ ಪಟ್ನಾ ಹೈಕೋರ್ಟು ಇಪ್ಪತ್ಮೂರೂ ಜನರನ್ನು ಬಿಟ್ಟಿತು. ಲಕ್ಷ್ಮಣಪುರ ಬಾಥೆಯಲ್ಲಿ 1997ರ ಡಿಸೆಂಬರ್ 1ರ ರಾತ್ರಿ 58 ಮಂದಿ ಸತ್ತರು. 2010ರಲ್ಲಿ ಹದಿನಾರು ಮಂದಿಗೆ ಗಲ್ಲು, ಹತ್ತು ಮಂದಿಗೆ ಜೀವಾವಧಿ ಆಯಿತು. 2013ರಲ್ಲಿ ಅದೇ ಹೈಕೋರ್ಟಿನಲ್ಲಿ ಇಪ್ಪತ್ತಾರೂ ಜನ ಖುಲಾಸೆ. ಸಾಕ್ಷಿಗಳು ನಂಬಲರ್ಹರಲ್ಲ ಎಂಬುದು ಎರಡೂ ಕಡೆ ಕೊಟ್ಟ ಕಾರಣ. ಅವಿತುಕೊಂಡು, ತಮ್ಮವರು ಸಾಯುವುದನ್ನು ಕಣ್ಣಾರೆ ಕಂಡು ಬದುಕಿ ಉಳಿದವರು ಅವರು.

ಇಲ್ಲಿ ಒಂದು ಸೂಕ್ಷ್ಮವಿದೆ. ಬಥಾನಿ, ಬಾಥೆಗಳ ಆರೋಪಿಗಳು ಬಿಡುಗಡೆಯಾದದ್ದು ಹೈಕೋರ್ಟು ಎಂಬ ನಡುವಣ ಮೆಟ್ಟಿಲಲ್ಲಿ. ಬಾರಾದ ಆರೋಪಿಗಳಿಗೆ ಆ ಮೆಟ್ಟಿಲೇ ಇರಲಿಲ್ಲ. ಟಾಡಾ ಕಾಯಿದೆಯಡಿ ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುತ್ತಿತ್ತು. ಮೇಲ್ಜಾತಿಯ ಖಾಸಗಿ ಸೈನ್ಯದ ಹತ್ಯಾಕಾಂಡ ಸಾಮಾನ್ಯ ಕೊಲೆ ಮೊಕದ್ದಮೆಯಾಯಿತು, ಬಾರಾ ಭಯೋತ್ಪಾದನೆಯಾಯಿತು. ಹೆಸರಿಡುವ ಹಂತದಲ್ಲೇ ಅರ್ಧ ತೀರ್ಪು ಬರೆದಾಗಿತ್ತು.

ನಮ್ಮ ನೆರೆಯ ರಾಜ್ಯದ ಆಗಿನ ಗುಂಟೂರು ಜಿಲ್ಲೆಯದೂ ಇದೇ ಕತೆ. ಚಿಲಕಲೂರಿಪೇಟೆ ಬಳಿ 1993ರಲ್ಲಿ ಇಬ್ಬರು ದಲಿತ ಯುವಕರು ದರೋಡೆಗೆಂದು ಬಸ್ಸಿಗೆ ಬೆಂಕಿಯಿಟ್ಟರು, 23 ಮಂದಿ ಸುಟ್ಟು ಸತ್ತರು. ನಾಲ್ಕೇ ವರ್ಷಕ್ಕೆ, 1997ರ ಮಾರ್ಚಿನಲ್ಲಿ, ನೇಣಿನ ದಿನ ಗೊತ್ತಾಗಿತ್ತು. ಕೊನೇ ಗಳಿಗೆಯಲ್ಲಿ ತಡೆ ಸಿಕ್ಕಿತು. 1998ರಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಅದೇ ಜಿಲ್ಲೆಯ ಚುಂಡೂರಿನಲ್ಲಿ 1991ರ ಆಗಸ್ಟಿನಲ್ಲಿ ಎಂಟು ಮಂದಿ ದಲಿತರನ್ನು ಕೊಂದ ಪ್ರಕರಣದಲ್ಲಿ ಮೊದಲ ತೀರ್ಪು ಬರಲು 2007 ಆಯಿತು. 2014ರಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟಿತು.

ಬಸ್ಸಿನಲ್ಲಿ ಬೆಂದವರ ಮುಂದೆ ನಿಂತು ‘ಸುಟ್ಟವರು ದಲಿತರು, ಆದ್ದರಿಂದ ಬಿಟ್ಟುಬಿಡಿ’ ಅನ್ನೋಕೆ ಆಗಲ್ಲ. ಬಾರಾದಲ್ಲಿ ಕತ್ತು ಸೀಳಿಸಿಕೊಂಡವರ ಮನೆಯವರಿಗೂ ಹಾಗೆ ಹೇಳಲಾಗದು. ಸಾವು ಸಾವೇ. ನಾನು ಕೇಳುತ್ತಿರುವುದು, ಅದೇ ದೇಶದ ಅದೇ ಕಾನೂನು ಒಂದು ಕೊರಳ ಬಳಿಗೆ ಅಷ್ಟು ಬೇಗ ನಡೆದು, ಇನ್ನೊಂದು ಕೊರಳು ಬಂದಾಗ ಕುಂಟುವುದು ಏಕೆ ಎಂದು. ಹಗ್ಗ ಕೊಲೆಯನ್ನು ಮಾತ್ರ ಅಳೆಯುತ್ತಿಲ್ಲ, ಮಾತಿನ ಬೆಲೆಯನ್ನು ಅಳೆಯುತ್ತಿದೆ.

5

ನಮ್ಮ ಗೆಳೆಯರದೇ ಒಂದು ಆಕ್ಷೇಪವಿದೆ. ‘ಗಲ್ಲು ಬೇಡ ಅನ್ನೋದು ಹೊಟ್ಟೆ ತುಂಬಿದವರ ಮಾನವತಾವಾದ. ಈಗೀಗ ಕಾನೂನು ನಮ್ಮ ಕಡೆ ವಾಲುತ್ತಿದೆ, ಈಗ ಬಂದು ಗಲ್ಲು ಬೇಡ ಅಂದರೆ ಹೇಗೆ?’ ಇದಕ್ಕೆ ಆಧಾರವೂ ಇದೆ. ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1980ರಲ್ಲಿ ‘ಅಪರೂಪದಲ್ಲಿ ಅಪರೂಪ’ವಾದಾಗ ಮಾತ್ರ ಗಲ್ಲು ಎಂದಿತು. ಆ ಅಪರೂಪ ಯಾವುದೆಂದು 1983ರ ಮಚ್ಛಿ ಸಿಂಗ್ ತೀರ್ಪು ಪಟ್ಟಿ ಮಾಡಿದಾಗ, ಸಮಾಜದ ಆಕ್ರೋಶ ಕೆರಳಿಸುವಂತೆ ಪರಿಶಿಷ್ಟ ಜಾತಿಯವರನ್ನು ಕೊಲ್ಲುವುದೂ ಅದರಲ್ಲಿ ಸೇರಿತ್ತು. 2024ರ ಜುಲೈಯಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಜಾತಿಯ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ ಗಲ್ಲು ಇಲ್ಲವೇ ಜೀವಾವಧಿ.

ಪಟ್ಟಿಯಲ್ಲಿ ನಮ್ಮ ಹೆಸರಿದೆ, ನಿಜ. ಪಟ್ಟಿ ಬಂದ ಮೇಲೆ ಏನಾಯಿತು? ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿಯನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಎಲ್ಲ ಆರೋಪಿಗಳೂ ಹೊರಬಂದರು, 2014ರಲ್ಲಿ ಹೈಕೋರ್ಟು ಅದನ್ನು ಒಪ್ಪಿತು. ಸಾಕ್ಷಿಗಳು ತಿರುಗಿಬಿದ್ದರು ಎಂಬ ಮಾತು ಎಷ್ಟು ಸಲೀಸು! ಕೂಲಿಗೆ ಅವರ ಹೊಲಕ್ಕೇ ಹೋಗಬೇಕು, ಅವರ ಬೀದಿಯಲ್ಲೇ ಓಡಾಡಬೇಕು ಎನ್ನುವವರು ತಿರುಗದೆ ಏನು ಮಾಡಿಯಾರು? ಖೈರ್ಲಾಂಜಿಯಲ್ಲಿ ಗಲ್ಲೂ ಸಿಕ್ಕಿತ್ತು. 2008ರಲ್ಲಿ ಆರು ಮಂದಿಗೆ ಗಲ್ಲು ಬರೆದ ನ್ಯಾಯಾಲಯ ಅದು ಜಾತಿಯ ಕಾರಣಕ್ಕೆ ನಡೆದ ದೌರ್ಜನ್ಯ ಎಂದು ಒಪ್ಪಲಿಲ್ಲ. 2010ರಲ್ಲಿ ಹೈಕೋರ್ಟು ಗಲ್ಲನ್ನು 25 ವರ್ಷದ ಸೆರೆಗೆ ಇಳಿಸಿತು. ಗಲ್ಲು ಹೋದದ್ದಕ್ಕಿಂತ ನನ್ನನ್ನು ಕಾಡುವುದು ಆ ಮೊದಲ ತೀರ್ಪು. ಹಗ್ಗ ಕೊಟ್ಟು ಜಾತಿಯನ್ನು ಮುಚ್ಚಿಟ್ಟ ತೀರ್ಪು ಅದು.

ಇನ್ನೊಂದು ಪಠ್ಯ. 1989ರ ದೌರ್ಜನ್ಯ ತಡೆ ಕಾಯಿದೆ ಗಲ್ಲನ್ನು ಹೇಳುವುದು ಒಂದೇ ಸನ್ನಿವೇಶದಲ್ಲಿ: ದಲಿತನ ಅಥವಾ ಬುಡಕಟ್ಟಿನವನ ವಿರುದ್ಧ ಸುಳ್ಳುಸಾಕ್ಷಿ ಹೇಳಿ, ಅದರಿಂದ ನಿರಪರಾಧಿಯೊಬ್ಬ ಗಲ್ಲಿಗೇರಿದರೆ, ಆ ಸುಳ್ಳುಸಾಕ್ಷಿಗೆ ಗಲ್ಲು. ಈ ಕಲಮನ್ನು ಬರೆದವರಿಗೆ ಏನು ಗೊತ್ತಿತ್ತು? ನಮ್ಮವರನ್ನು ಕೊಲ್ಲಲು ಕತ್ತಿ, ಬೆಂಕಿಯ ಹಾಗೆ ನ್ಯಾಯಾಲಯದ ಕಟಕಟೆಯೂ ಒಂದು ಆಯುಧವಾಗಬಲ್ಲದು ಅನ್ನೋದು ಗೊತ್ತಿತ್ತು. ಇಷ್ಟು ಗೊತ್ತಿದ್ದೂ ಆ ಆಯುಧವನ್ನು ಉಳಿಸಿಕೊಂಡೇ ಅದಕ್ಕೊಂದು ಎಚ್ಚರಿಕೆಯ ಚೀಟಿ ಅಂಟಿಸಿದರು.

6

ಅಂಬೇಡ್ಕರ್ 1949ರ ಜೂನಿನಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಷಯಕ್ಕೆ ಬಂದರು. ಗಲ್ಲುಶಿಕ್ಷೆ ಪಡೆದವರಿಗೆಲ್ಲ ಸುಪ್ರೀಂ ಕೋರ್ಟಿಗೆ ಮೇಲ್ಮನವಿಯ ಹಕ್ಕು ಬೇಕೇ ಎಂಬ ಚರ್ಚೆ ನಡೆದಿತ್ತು. ಅದಕ್ಕಿಂತ ಮರಣದಂಡನೆಯನ್ನೇ ತೆಗೆದುಹಾಕುವುದನ್ನು ತಾವು ಬೆಂಬಲಿಸುವುದಾಗಿ ಅವರು ಹೇಳಿದರು. ನಮ್ಮ ಜೀವಗಳಿಗೆ ಬೆಲೆಯೇ ಇಲ್ಲದ ದೇಶದಲ್ಲಿ ನಿಂತು ಆಡಿದ ಮಾತು ಅದು. ಅದನ್ನು ಹೊಟ್ಟೆ ತುಂಬಿದವರ ಮಾತು ಎನ್ನಲಾದೀತೆ?

ಅವರು ಮುಂದೆ ಹಿಡಿದ ಬುದ್ಧನ ದಾರಿಯಲ್ಲಿ ಅಂಗುಲಿಮಾಲ ಸಿಗುತ್ತಾನೆ. ನಮಗೆಲ್ಲ ಗೊತ್ತಿರುವುದು ಅವನ ಪರಿವರ್ತನೆಯ ಕತೆ. ಪಾಳಿ ಸುತ್ತದಲ್ಲಿ ಇನ್ನೆರಡು ಸಂಗತಿಗಳಿವೆ. ಅವನು ಭಿಕ್ಷುವಾದದ್ದು ತಿಳಿಯದ ಜನ ಪಸೇನದಿ ರಾಜನ ಬಾಗಿಲಲ್ಲಿ ನೆರೆದು ಅವನನ್ನು ಅಡಗಿಸಬೇಕೆಂದು ಕೂಗುತ್ತಾರೆ. ಐನೂರು ಕುದುರೆಯೊಂದಿಗೆ ಹೊರಟ ರಾಜ ಅವನನ್ನು ಮುಟ್ಟದೆ ಹಿಂತಿರುಗುತ್ತಾನೆ. ಮುಂದೆ ಅಂಗುಲಿಮಾಲ ಭಿಕ್ಷೆಗೆ ಹೋದಾಗ ಕಲ್ಲುಗಳು ಬಂದು ಬೀಳುತ್ತವೆ. ತಲೆ ಒಡೆದು, ಪಾತ್ರೆ ಚೂರಾಗಿ ಬಂದವನಿಗೆ ಬುದ್ಧ ಹೇಳುವುದು, ಸಹಿಸಿಕೋ ಎಂದು. ಕೊಲ್ಲದೆ ಬಿಡುವುದಕ್ಕೂ ಲೆಕ್ಕ ಚುಕ್ತಾ ಮಾಡುವುದಕ್ಕೂ ಇರುವ ವ್ಯತ್ಯಾಸ ಇದು. ಗಲ್ಲು ಬೇಡ ಅನ್ನೋದು ಕ್ಷಮೆಯಲ್ಲ. ಕ್ಷಮಿಸುವ ಹಕ್ಕು ಲೇಖನ ಬರೆಯುವ ನನಗಿಲ್ಲ, ರಾಷ್ಟ್ರಪತಿಗೂ ಇಲ್ಲ. ಅದು ಸತ್ತವರ ಮನೆಯವರದು.

ರಾಜನ ಬಾಗಿಲಲ್ಲಿ ಕೂಗಿದ ಆ ಜನ ಏನು ಕಂಡಿದ್ದರು, ಯಾರನ್ನು ಕಳಕೊಂಡಿದ್ದರು ಎಂದು ಸುತ್ತ ಹೇಳುವುದಿಲ್ಲ. ದಲಿತ ವಿಮರ್ಶೆ ಹೋಗಿ ನಿಲ್ಲಬೇಕಾದದ್ದು ಅವರ ಪಕ್ಕದಲ್ಲಿ. ಆದರೆ ಅವರ ಕೂಗಿಗೆ ಹಗ್ಗವೊಂದೇ ಅರ್ಥ ಎಂದು ಪ್ರಭುತ್ವ ಕೊಡುವ ಅನುವಾದವನ್ನು ಒಪ್ಪಬಾರದು. ಬಾಥೆಯ, ಚುಂಡೂರಿನ, ಕಂಬಾಲಪಲ್ಲಿಯ ಜನ ಸೋತದ್ದು ಗಲ್ಲು ಸಿಗಲಿಲ್ಲ ಅಂತಲ್ಲ. ತಾವು ಕಂಡದ್ದನ್ನು ಕಂಡೆವು ಎಂದಾಗ ಅವರನ್ನು ನಂಬಲಿಲ್ಲ, ಇಲ್ಲವೇ ಹಾಗೆ ಹೇಳಲು ಬಿಡಲಿಲ್ಲ. ಹೇಳಿದ ಮೇಲೂ ಅದೇ ಊರಲ್ಲಿ ಬಾಳುವಷ್ಟು ಭೂಮಿ, ಅಭಿಯೋಗ ನಡೆಸುವ ನಮ್ಮದೇ ವಕೀಲರು, ಹದಿನಾರು ವರ್ಷ ಕಾಯಿಸದ ನ್ಯಾಯಾಲಯ, ತೀರ್ಪಿನಲ್ಲಿ ಜಾತಿಯನ್ನು ಜಾತಿ ಅಂತಲೇ ಬರೆಯುವ ಧೈರ್ಯ. ನಾವು ಕೇಳಬೇಕಾದದ್ದು ಇವನ್ನು. ಇವು ಗಲ್ಲಿಗಿಂತ ಕಡಿಮೆಯ ಬೇಡಿಕೆಗಳಲ್ಲ. ಕೊಂದವನು ಬದುಕಿಕೊಂಡೇ, ಕಂಡವರ ಮಾತು ಕಾನೂನಾಗಿ ನಿಂತದ್ದನ್ನು ದಿನಾ ನೋಡಲಿ.