ನೆನಪಿನ ಜಾಲವೂ ತ್ರಿಪದಿಯ ಪಾಠವೂ

ಜನಪದ ತ್ರಿಪದಿಗಳ ಪಾಠಾಂತರವನ್ನು ಕುರಿತು ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ: ಹಾಡುವವರ ನೆನಪು ಓಲೆಯ ಕಟ್ಟಿನಂತೆ, ಅದರಲ್ಲಿ ಮೂಲಪಾಠವೊಂದುಂಟು, ಭೇದವೆಲ್ಲವೂ ಮರೆವೆಂಬ ಹುಳು ತಿಂದ ಗುರುತು. ಈ ನಂಬಿಕೆಯನ್ನು ಒರೆಗೆ ಹಚ್ಚಲು ಭೌತವಿಜ್ಞಾನಿಗಳ ಕಲ್ಪನೆಯೊಂದು ನೆರವಾಗುತ್ತದೆ.

ಜಾನ್ ಹಾಪ್‌ಫೀಲ್ಡರು ೧೯೮೨ರಲ್ಲಿ ನಿರೂಪಿಸಿದ ನರಜಾಲದಲ್ಲಿ ಯಾವ ನೆನಪಿಗೂ ಪ್ರತ್ಯೇಕವಾದ ಗೂಡಿಲ್ಲ. (೨೦೨೪ರಲ್ಲಿ ಅವರಿಗೂ ಜೆಫ್ರಿ ಹಿಂಟನ್ನರಿಗೂ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ದೊರೆಯಿತು.) ಜಾಲದ ಪ್ರತಿಯೊಂದು ಘಟಕಕ್ಕೂ ಎರಡೇ ಸ್ಥಿತಿಗಳು. ಕಲಿಸಿದ ವಿನ್ಯಾಸದಲ್ಲಿ ಎರಡು ಘಟಕಗಳು ಸಮಸ್ಥಿತಿಯಲ್ಲಿದ್ದರೆ ಅವುಗಳ ಬಂಧವು ಒಂದು ದಿಕ್ಕಿಗೂ, ವಿಷಮವಾಗಿದ್ದರೆ ಎದುರು ದಿಕ್ಕಿಗೂ ವಾಲುತ್ತದೆ. ಎಲ್ಲ ವಿನ್ಯಾಸಗಳೂ ಅವೇ ಬಂಧಗಳಲ್ಲಿ ಕೂಡಿಕೊಂಡಿರುತ್ತವೆ. ತುಣುಕೊಂದನ್ನು ಒದಗಿಸಿದರೆ, ಇಳಿಜಾರಿನ ನೀರು ಹೊಂಡವನ್ನು ಸೇರುವಂತೆ, ಜಾಲವು ಸಮೀಪದ ನೆನಪಿನಲ್ಲಿ ನೆಲೆಸುತ್ತದೆ.

ಶಿರೂರಿನಂತಹ ಬಾಗಲಕೋಟೆಯ ಸೀಮೆಯ ಊರುಗಳಲ್ಲಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಹೆಣ್ಣುಮಕ್ಕಳಿಗೂ ಮೊದಲ ನುಡಿ ದೊರೆತರೆ ಪದವು ತಾನಾಗಿ ಸಾಗುತ್ತಿತ್ತು. ಹನ್ನೊಂದು ಗಣಗಳ ಕಟ್ಟು, ಆರನೆಯ ಮತ್ತು ಹತ್ತನೆಯ ಸ್ಥಾನಗಳ ಬ್ರಹ್ಮಗಣ, ದ್ವಿತೀಯಾಕ್ಷರ ಪ್ರಾಸ: ಇವೇ ಅಲ್ಲಿಯ ಇಳಿಜಾರು. ಇಷ್ಟರಮಟ್ಟಿಗೆ ಹೋಲಿಕೆಯು ಸಮಂಜಸವಾದುದು.

ಆದರೆ ಈ ಜಾಲಕ್ಕೊಂದು ದೋಷವುಂಟು. ಕಲಿಸಿದ ವಿನ್ಯಾಸಗಳು ಘಟಕಸಂಖ್ಯೆಯ ನೂರಕ್ಕೆ ಸುಮಾರು ೧೪ನ್ನು ಮೀರಿದರೆ ಸ್ಮರಣೆಯು ಕುಸಿಯುತ್ತದೆ. ಅದಕ್ಕೂ ಮುನ್ನವೇ ಮೂರು ನೆನಪುಗಳು ಬೆರೆತು, ಯಾರೂ ಕಲಿಸದ ನಾಲ್ಕನೆಯದೊಂದು ಸ್ಥಿರವಾಗಿ ನಿಲ್ಲಬಹುದು. ನೆಲೆಸಿತೆಂಬುದರಿಂದಲೇ ಅದು ಕಲಿತ ನೆನಪೆಂದು ಹೇಳಲಾಗದು.

ಸಂಪಾದಕನು ಎಚ್ಚರವಹಿಸಬೇಕಾದುದು ಇಲ್ಲಿಯೇ. ಮೂವರು ಹಾಡಿದ ಸಾಲುಗಳನ್ನಾಯ್ದು ಅವನು ‘ಮೂಲ’ವೊಂದನ್ನು ಕಟ್ಟಿದರೆ ಗಣವೂ ಸರಿ, ಪ್ರಾಸವೂ ಸರಿ, ಆದರೆ ಅದನ್ನು ಯಾರೂ ಹಾಡಿರಲಿಕ್ಕಿಲ್ಲ. ಸುಮಾರು ೭೦೦ರ ಕಾಲದ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳಿಗೆ ಬಂಡೆಯೇ ಸಾಕ್ಷಿ. ಬಾಯಿಪಾಠಕ್ಕೆ ಅಂತಹ ಸಾಕ್ಷಿಯಿಲ್ಲ. ಛಂದಶ್ಶುದ್ಧಿಯೊಂದೇ ಪ್ರಾಚೀನತೆಗೆ ಪ್ರಮಾಣವಾಗಲಾರದು.

ಹೋಲಿಕೆಗೂ ಒಂದು ಮೇರೆಯುಂಟು. ಹಾಡುವವಳು ಪದದಲ್ಲಿ ತನ್ನ ತವರಿನ ಹೆಸರನ್ನೋ ಅಣ್ಣನ ಹೆಸರನ್ನೋ ಸೇರಿಸುವುದು ಮರೆವಿನಿಂದಲ್ಲ, ಅಕ್ಕರೆಯಿಂದ. ಜಾಲಕ್ಕೆ ಅಕ್ಕರೆಯಿಲ್ಲ. ಹೀಗೆ ಭೇದವು ಬೆರಕೆಯಿಂದಲೂ ಹುಟ್ಟಬಹುದು, ಇಚ್ಛೆಯಿಂದಲೂ ಹುಟ್ಟಬಹುದು. ಅಚ್ಚಾದ ಪಾಠವೊಂದನ್ನೇ ನೋಡಿ ಇವನ್ನು ಬೇರ್ಪಡಿಸಲಾಗದು. ಹಾಡಿದವರು ಯಾರು, ಯಾವ ಊರಿನವರು, ಯಾವ ಕೆಲಸದಲ್ಲಿ ತೊಡಗಿ ಹಾಡಿದರು ಎಂಬುದನ್ನು ಬರೆದಿಟ್ಟಲ್ಲಿ ಮಾತ್ರ ವಿವೇಚನೆಗೆ ಎಡೆಯುಂಟು. ಆದುದರಿಂದ ಸಂಗ್ರಹಕಾರರು ಒಂದು ಶುದ್ಧಪಾಠವನ್ನು ಕೊಡುವುದಕ್ಕಿಂತ, ಕೇಳಿದ ಮೂರನ್ನೂ ಕೇಳಿದಂತೆಯೇ ಅಚ್ಚುಹಾಕಿಸುವುದು ಲೇಸು.