ಮಿತ್ರನ ಮೇಲಿನ ಆರೋಪ ಮತ್ತು ಆಂಧ್ರದ 2024ರ ಪ್ರಚಾರ

ಅಧಿಕಾರ ದುರುಪಯೋಗದ ಆರೋಪ ಹೊತ್ತ ನಾಯಕನೊಂದಿಗೆ ಕೈಜೋಡಿಸಿದ ಪಕ್ಷಕ್ಕೂ ಕಳಂಕ ಅಂಟುತ್ತದೆ ಎಂಬುದು ಚುನಾವಣೆಯ ಹಳೆಯ ಲೆಕ್ಕ. ಆಂಧ್ರಪ್ರದೇಶದಲ್ಲಿ 2024ರಲ್ಲಿ ಈ ಲೆಕ್ಕ ತಲೆಕೆಳಗಾಯಿತು. 2023ರ ಸೆಪ್ಟೆಂಬರ್ 9ರ ಬೆಳಗಿನ ಜಾವ ತೆಲುಗು ದೇಶಂ ನಾಯಕ ಚಂದ್ರಬಾಬು ನಾಯ್ಡು ಅವರನ್ನು ಸಿಐಡಿ ಪೊಲೀಸರು ನಂದ್ಯಾಲದಲ್ಲಿ ಬಂಧಿಸಿದರು. ಅವರು ಮುಖ್ಯಮಂತ್ರಿಯಾಗಿದ್ದಾಗ ಕೌಶಲ ಅಭಿವೃದ್ಧಿ ನಿಗಮಕ್ಕಾಗಿ ಬಿಡುಗಡೆಯಾದ ಸುಮಾರು 371 ಕೋಟಿ ರೂಪಾಯಿಯಲ್ಲಿ ದೊಡ್ಡ ಮೊತ್ತ ಶೆಲ್ ಕಂಪನಿಗಳ ಪಾಲಾಯಿತು ಎಂಬುದು ಆಪಾದನೆ. ನಾಯ್ಡು ಅದನ್ನು ನಿರಾಕರಿಸಿದರು. ವಿಜಯವಾಡದ ಎಸಿಬಿ ನ್ಯಾಯಾಲಯ ಅವರನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿತು. ಮಧ್ಯಂತರ ಜಾಮೀನು ಸಿಕ್ಕ ಅಕ್ಟೋಬರ್ 31ರವರೆಗೆ ಅವರು ರಾಜಮಂಡ್ರಿ ಜೈಲಿನಲ್ಲಿದ್ದರು.

ಬಂಧನದ ದಿನವೇ ಜನಸೇನಾದ ಪವನ್ ಕಲ್ಯಾಣ್ ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟರು. ಪೊಲೀಸರು ದಾರಿಯಲ್ಲೇ ತಡೆದಾಗ ಅವರು ಅನುಮಂಚಿಪಲ್ಲಿ ಬಳಿ ರಸ್ತೆಯ ಮೇಲೆ ಮಲಗಿ ಪ್ರತಿಭಟಿಸಿದರು. ಸೆಪ್ಟೆಂಬರ್ 14ರಂದು ಜೈಲಿನಲ್ಲಿ ನಾಯ್ಡು ಅವರನ್ನು ಕಂಡು ಹೊರಬಂದವರೇ, ಎರಡೂ ಪಕ್ಷಗಳು ಒಟ್ಟಾಗಿ ಸ್ಪರ್ಧಿಸಲಿವೆ ಎಂದು ಘೋಷಿಸಿದರು. ಸಾಮಾನ್ಯವಾಗಿ ಮಿತ್ರಪಕ್ಷಗಳು ದೂರ ಸರಿಯುವ ಗಳಿಗೆಯಲ್ಲಿ ಇಲ್ಲಿ ಮೈತ್ರಿ ಹುಟ್ಟಿತು.

ಇದರ ಬೇರು ವಿಶಾಖಪಟ್ಟಣದಲ್ಲಿದೆ. 2022ರ ಅಕ್ಟೋಬರ್ 15ರಂದು ಆಗಿನ ಸರ್ಕಾರದ ಮೂರು ರಾಜಧಾನಿಗಳ ಯೋಜನೆಯ ಪರವಾಗಿ ಅಲ್ಲಿ ‘ವಿಶಾಖ ಗರ್ಜನ’ ರ‍್ಯಾಲಿ ನಡೆಯಿತು. ಅದೇ ದಿನ ಜನರ ಅಹವಾಲು ಕೇಳುವ ‘ಜನವಾಣಿ’ ಕಾರ್ಯಕ್ರಮಕ್ಕಾಗಿ ಪವನ್ ನಗರಕ್ಕೆ ಬಂದಿಳಿದರು. ವಿಮಾನ ನಿಲ್ದಾಣದ ಬಳಿ ಸಚಿವರ ಕಾರುಗಳ ಮೇಲೆ ದಾಳಿಯಾಯಿತೆಂದು ಜನಸೇನಾ ಕಾರ್ಯಕರ್ತರನ್ನು ಬಂಧಿಸಲಾಯಿತು. ಪೊಲೀಸ್ ನೋಟಿಸಿನಿಂದಾಗಿ ಪವನ್ ಹೋಟೆಲಿನಿಂದ ಹೊರಬರಲಾಗದೆ ಉಳಿದರು. ಅವರು ವಿಜಯವಾಡಕ್ಕೆ ಮರಳಿದ ಮೇಲೆ, 18ರಂದು ನಾಯ್ಡು ಅವರೇ ಅಲ್ಲಿನ ಹೋಟೆಲಿಗೆ ಹೋಗಿ ಭೇಟಿಯಾದರು. ಮರುವರ್ಷ ರಾಜಮಂಡ್ರಿಯಲ್ಲಿ ಪವನ್ ಆ ಋಣ ತೀರಿಸಿದಂತೆ ಕಂಡಿತು.

ಇದೇ ಪವನ್ 2018ರ ಮಾರ್ಚಿನಲ್ಲಿ ಗುಂಟೂರಿನ ಸಭೆಯಲ್ಲಿ ತೆಲುಗು ದೇಶಂ ಸರ್ಕಾರದ ಮೇಲೂ ನಾಯ್ಡು ಅವರ ಮಗ ಲೋಕೇಶ್ ಮೇಲೂ ಭ್ರಷ್ಟಾಚಾರದ ಆರೋಪ ಹೊರಿಸಿದ್ದರು. ಪೋಲವರಂ ಯೋಜನೆ ನಾಯ್ಡು ಅವರಿಗೆ ಎಟಿಎಂ ಆಗಿದೆ ಎಂದು ಪ್ರಧಾನಿ ಮೋದಿ 2019ರ ಪ್ರಚಾರದಲ್ಲಿ ಹೇಳಿದ್ದರು. 2024ರ ಮಾರ್ಚ್ ಹೊತ್ತಿಗೆ ಮೋದಿಯವರ ಬಿಜೆಪಿಯೂ ಮೈತ್ರಿಗೆ ಸೇರಿ, ಮೂವರೂ ಒಂದೇ ವೇದಿಕೆಯಲ್ಲಿದ್ದರು. ಹಳೆಯ ಮಾತನ್ನು ಯಾರೂ ಹಿಂಪಡೆಯಲಿಲ್ಲ, ಅದು ತಪ್ಪಾಗಿತ್ತೆಂದು ವಿವರಿಸಲೂ ಇಲ್ಲ. ಈ ಪ್ರಚಾರದ ಅತಿ ದೊಡ್ಡ ಕುಂದು ಇದು.

ಆದರೂ ಆರೋಪ ಮಿತ್ರರಿಗೆ ಅಂಟಲಿಲ್ಲ. ಆರೋಪ ಮಾಡಿದವರೇ ಅಧಿಕಾರದಲ್ಲಿದ್ದುದು ಅದಕ್ಕೆ ಮುಖ್ಯ ಕಾರಣ. ಚುನಾವಣೆ ಎಂಟು ತಿಂಗಳು ದೂರವಿದ್ದಾಗ ಎಪ್ಪತ್ತು ದಾಟಿದ ವಿರೋಧ ಪಕ್ಷದ ನಾಯಕನನ್ನು ಬಂಧಿಸಿದ್ದೇ ಅಧಿಕಾರದ ದುರುಪಯೋಗವಾಗಿ ಅನೇಕರ ಕಣ್ಣಿಗೆ ಬಿತ್ತು. ವಿಶಾಖಪಟ್ಟಣದ ಋಷಿಕೊಂಡ ಗುಡ್ಡವನ್ನು ಅಗೆದು ಎಬ್ಬಿಸಿದ ಕಟ್ಟಡಗಳು, ಭೂ ಹಕ್ಕು ಕಾಯ್ದೆಯ ಭಯ, ಜಮೀನಿನ ಪಟ್ಟಾದಾರ್ ಪಾಸ್‌ಬುಕ್ಕಿನ ಮೇಲೆ ಆಗಿನ ಮುಖ್ಯಮಂತ್ರಿ ಜಗನ್ ಅವರ ಚಿತ್ರ, ಇವೆಲ್ಲ ಮೈತ್ರಿಕೂಟದ ಭಾಷಣಗಳಿಗೆ ಸರಕಾದವು. ನಾಯ್ಡು ಏನು ಮಾಡಿದ್ದರು ಎಂಬ ಪ್ರಶ್ನೆ ಹಿಂದೆ ಸರಿದು, ಜಗನ್ ಏನು ಮಾಡುತ್ತಿದ್ದಾರೆ ಎಂಬುದು ಮುಂದೆ ಬಂತು. ಸ್ವತಃ ಜಗನ್ ಅಕ್ರಮ ಆಸ್ತಿ ಪ್ರಕರಣದಲ್ಲಿ ಜೈಲಿನಲ್ಲಿದ್ದಾಗ, 2012ರ ಜೂನ್ ಉಪಚುನಾವಣೆಯಲ್ಲಿ ಅವರ ಪಕ್ಷ 18 ವಿಧಾನಸಭಾ ಸ್ಥಾನಗಳಲ್ಲಿ 15 ಗೆದ್ದಿತ್ತು. ಬಂಧನ ಅನುಕಂಪ ತರುತ್ತದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

ಆದರೆ ಎಲ್ಲವನ್ನೂ ಅನುಕಂಪಕ್ಕೆ ಕಟ್ಟುವುದು ತಪ್ಪು. 2019ರಲ್ಲಿ ತೆಲುಗು ದೇಶಂ ಸುಮಾರು 39, ಜನಸೇನಾ ಸುಮಾರು 5.5 ಶೇಕಡಾ ಮತ ಪಡೆದು ಬೇರೆಬೇರೆಯಾಗಿ ಸೋತಿದ್ದವು. ಪವನ್ ವಿಶಾಖಪಟ್ಟಣದ ಗಾಜುವಾಕದಲ್ಲೂ ಭೀಮವರದಲ್ಲೂ ಸೋತಿದ್ದರು. ಬಂಧನ ಈ ಮತಗಳನ್ನು ಒಂದೆಡೆ ಸೇರಿಸಿತು. 175 ಸ್ಥಾನಗಳಲ್ಲಿ ಮೈತ್ರಿಕೂಟಕ್ಕೆ 164 ಬಂದವು. ಜನಸೇನಾ ಸ್ಪರ್ಧಿಸಿದ 21ನ್ನೂ ಗೆದ್ದಿತು. ಗಾಜುವಾಕದಲ್ಲಿ ತೆಲುಗು ದೇಶಂ ಅಭ್ಯರ್ಥಿಯ ಗೆಲುವಿನ ಅಂತರ 95 ಸಾವಿರ ದಾಟಿತು. ಜಗನ್ ಅವರ ವೈಎಸ್ಆರ್ ಕಾಂಗ್ರೆಸ್ಸಿಗೆ 11 ಸ್ಥಾನ ಮಾತ್ರ ದಕ್ಕಿದರೂ ಮತಪ್ರಮಾಣ ಶೇ 39ರಷ್ಟಿತ್ತು.

ಅದೇ ಬೇಸಿಗೆಯಲ್ಲಿ ಹಾಸನದಲ್ಲಿ ಬೇರೆಯದೇ ನಡೆಯಿತು. ಬಿಜೆಪಿಯ ಮಿತ್ರಪಕ್ಷ ಜೆಡಿಎಸ್‌ನ ಪ್ರಜ್ವಲ್ ರೇವಣ್ಣ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂದಾಗ, ದೂರು ಹೇಳಿದವರು ಎದುರಾಳಿ ಪಕ್ಷದವರಲ್ಲ, ನೊಂದ ಹೆಂಗಸರು. ಹಾಗಾಗಿ ‘ರಾಜಕೀಯ ಸೇಡು’ ಎಂಬ ಗುರಾಣಿ ಕೆಲಸಕ್ಕೆ ಬರಲಿಲ್ಲ. ಏಪ್ರಿಲ್ 30ರಂದು ಜೆಡಿಎಸ್ ಅವರನ್ನು ಅಮಾನತು ಮಾಡಿತು, ಅವರು ಹಾಸನದಲ್ಲಿ ಸೋತರು.

ಆಂಧ್ರದಲ್ಲಿ ಆ ಗುರಾಣಿ ಕೊನೆಯವರೆಗೂ ಉಳಿಯಿತು. 2024ರ ಜನವರಿ 16ರಂದು ನಾಯ್ಡು ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟು ವಿಷಯವನ್ನು ಮುಖ್ಯ ನ್ಯಾಯಮೂರ್ತಿಗೆ ಒಪ್ಪಿಸಿದರು. ಅವರ ಭಿನ್ನಾಭಿಪ್ರಾಯ ಇದ್ದದ್ದು ಭ್ರಷ್ಟಾಚಾರ ತಡೆ ಕಾಯ್ದೆಯ 17ಎ ಕಲಮಿನಂತೆ ತನಿಖೆಗೆ ಪೂರ್ವಾನುಮತಿ ಬೇಕಿತ್ತೇ ಎಂಬುದರ ಬಗ್ಗೆ. ಹಣ ಎಲ್ಲಿ ಹೋಯಿತು ಎಂಬುದು ಇತ್ಯರ್ಥವಾಗುವ ಮೊದಲೇ, ಮೇ 13ರಂದು ಮತದಾನ ಮುಗಿದಿತ್ತು.